ರೋಬೋಟ್ ಕಾಲು ಕಟ್ಟಿಸಿದ್ರೆ ಅಪ್ಪ ಮತ್ತೆ ನಡೀತಾರಾ?

ಪ್ರಶ್ನೆ: ನಮಸ್ತೆ ಡಾಕ್ಟ್ರೇ, ನಮ್ಮದು ತರೀಕೆರೆ ಹತ್ರ ಒಂದು ಹಳ್ಳಿ. ಅಪ್ಪಂಗೆ 61 ವರ್ಷ, ಅಡಿಕೆ ತೋಟ ನೋಡ್ಕೊಂಡು ಗಟ್ಟಿಮುಟ್ಟಾಗಿದ್ರು. ಏಳು ವಾರದ ಹಿಂದೆ ಸ್ಟ್ರೋಕ್ ಆಗಿ ಬಲಗೈ ಬಲಗಾಲು ಬಿದ್ದೋಯ್ತು. ಮಾತು ತೊದಲುತ್ತೆ ಆದ್ರೆ ಹೇಳಿದ್ದೆಲ್ಲ ಅರ್ಥ ಆಗುತ್ತೆ. ಈಗ ಮಂಚದ ಮೇಲೆ ಆಸರೆ ಇಲ್ದೆ ಕೂರ್ತಾರೆ, ನಿಲ್ಸೋಕೆ ಇಬ್ರು ಬೇಕು, ಹೆಜ್ಜೆ ಎತ್ತೋಕಾಗಲ್ಲ. ಬೆಂಗ್ಳೂರಲ್ಲಿ ಒಂದು ಸೆಂಟರ್‌ನವ್ರು ರೋಬೋಟ್ ಕಾಲು ಕಟ್ಟಿ ನಡೆಸ್ತೀವಿ, 30 ಸೆಷನ್ ಪ್ಯಾಕೇಜ್ 75 ಸಾವಿರ, ಪೂರ್ತಿ ಅಡ್ವಾನ್ಸ್ ಕಟ್ಬೇಕು ಅಂತಿದ್ದಾರೆ. ಸೊಂಟದ ಕೆಳಗೆ ಸ್ವಾಧೀನ ಇಲ್ದೋರೂ ಎದ್ದು ನಡೀತಿರೋ ವಿಡಿಯೋ ತೋರಿಸಿದ್ರು, ಅದನ್ನ ನೋಡಿ ಅಮ್ಮ ತೋಟ ಅಡ ಇಟ್ಟಾದ್ರೂ ಮಾಡ್ಸಿ ಅಂತ ಹಟ ಹಿಡ್ದಿದ್ದಾರೆ. ಮಾಡಿಸ್ಬಹುದಾ? ಅಥವಾ ಅಂಥದ್ದೇ ಒಂದು ಮನೆಗೇ ತಂದ್ಕೊಳ್ಳೋಕೆ ಆಗುತ್ತಾ?

ಉತ್ತರ: ನಾನು ಡಾಕ್ಟರ್ ಅಲ್ಲ ಕಣ್ರೀ, ಫಿಸಿಯೋ. ಸ್ಟ್ರೋಕ್ ಆದವರು, ಬೆನ್ನುಹುರಿಗೆ ಪೆಟ್ಟು ಬಿದ್ದವರು, ಇವರ ಜೊತೆನೇ ಹದಿನೆಂಟು ವರ್ಷ ಆಯ್ತು, ಅದ್ರಲ್ಲಿ ಎಂಟು ವರ್ಷ ಈ ರೋಬೋಟ್ ಜೊತೆ ಏಗ್ತಾ ಇದೀನಿ. ಸುತ್ತಿ ಬಳಸಿ ಹೇಳಲ್ಲ. ನಿಮ್ಮಪ್ಪನ ಸ್ಥಿತಿ ನೀವು ಬರ್ದಿರೋ ಹಾಗೇ ಇದ್ರೆ ಮಾಡಿಸ್ಬಹುದು, ಮಾಡ್ಸೋದಿದ್ರೆ ಈಗ್ಲೇ ಮಾಡ್ಸಿ, ಆರು ತಿಂಗಳು ಬಿಟ್ಟು ನೋಡೋಣ ಅನ್ಬೇಡಿ. ಆದ್ರೆ 30 ಸೆಷನ್‌ಗೆ ಒಟ್ಟಿಗೆ ದುಡ್ಡು ಕಟ್ಬೇಡಿ, ತೋಟ ಅಡ ಇಡೋ ಮಾತಂತೂ ಅಮ್ಮಂಗೆ ಹೇಳಿ ಇವತ್ತೇ ಬಿಡ್ಸಿ. ಮನೆಗೆ ತರೋ ವಿಷ್ಯ ಆಮೇಲೆ ಹೇಳ್ತೀನಿ.

ಮೊದ್ಲು ಇದೇನು ಮಿಷಿನ್ ಅಂತ ಗೊತ್ತಾಗ್ಲಿ. ಏಡಿ ಮೈಮೇಲೆ ಗಟ್ಟಿ ಚಿಪ್ಪು ಇರುತ್ತಲ್ಲ, ಮೂಳೆ ಒಳಗಿಲ್ಲ, ಹೊರಗಿದೆ, ಅದೇ ಎಕ್ಸೋಸ್ಕೆಲಿಟನ್. ಹಾಗೇನೇ ಸೊಂಟದಿಂದ ಪಾದದ ತನಕ ಹೊರಗಿಂದ ಒಂದು ಲೋಹದ ಕಾಲು, ಸೊಂಟದ ಹತ್ರ ಮಂಡಿ ಹತ್ರ ಮೋಟಾರು, ತೊಡೆಗೆ ಮೀನಖಂಡಕ್ಕೆ ಪಟ್ಟಿ ಕಟ್ಟಿ ಬಿಗಿತಾರೆ. ಇದ್ರಲ್ಲಿ ಒಂದು ಜಾತಿ ಟ್ರೆಡ್‌ಮಿಲ್ ಮೇಲೆ ಕೂರಿಸಿರೋದು, ಪೇಶಂಟ್‌ನ ಹಾರ್ನೆಸ್‌ನಲ್ಲಿ ಮೇಲಿಂದ ತೂಗಿ ಅರ್ಧ ಭಾರ ಮಿಷಿನ್ನೇ ಹೊತ್ಕೊಳ್ಳುತ್ತೆ, ಸ್ವಿಟ್ಜರ್ಲೆಂಡ್‌ನ ಲೋಕೋಮ್ಯಾಟ್ ಇದ್ರಲ್ಲಿ ಹಳೇ ಹುಲಿ. ಇನ್ನೊಂದು ಜಾತಿ ಮೈಗೆ ಕಟ್ಕೊಂಡು ನೆಲದ ಮೇಲೇ ನಡೆಯೋದು, ಅಮೆರಿಕದ ಎಕ್ಸೋ, ಇಸ್ರೇಲ್‌ನ ರೀವಾಕ್, ಜಪಾನಿನ ಹಾಲ್ ಇವೆಲ್ಲ ಆ ಕಡೆಯವು. ನಮ್ಮ ದೇಶದ್ದೂ ಬರ್ತಿವೆ, ಮ್ಯಾನ್‌ಹೋಲ್ ಕ್ಲೀನ್ ಮಾಡೋ ಬ್ಯಾಂಡಿಕೂಟ್ ರೋಬೋಟ್ ಮಾಡಿದ್ರಲ್ಲ ತಿರುವನಂತಪುರದ ಹುಡುಗ್ರು, ಅವರೇ ಜಿ-ಗೈಟರ್ ಅಂತ ನಡಿಗೆ ಕಲಿಸೋ ಮಿಷಿನ್ನೂ ಮಾಡಿದ್ದಾರೆ. ನಿಮ್ಮ ಸೆಂಟರಲ್ಲಿ ಇರೋದು ಯಾವುದು ಅಂತ ನೀವು ಬರ್ದಿಲ್ಲ, ಬ್ರ್ಯಾಂಡ್ ಬಗ್ಗೆ ಜಾಸ್ತಿ ತಲೆ ಕೆಡಿಸ್ಕೋಬೇಡಿ, ಮಿಷಿನ್‌ಗಿಂತ ಅದರ ಪಕ್ಕ ನಿಂತಿರೋ ಮನುಷ್ಯ ಮುಖ್ಯ, ಯಾಕೆ ಅಂತ ಹೇಳ್ತೀನಿ.

ಸ್ಟ್ರೋಕ್‌ನಲ್ಲಿ ನಿಮ್ಮಪ್ಪನ ಕಾಲಿಗೆ ಏನೂ ಆಗಿಲ್ಲ. ಸ್ನಾಯು ಮೂಳೆ ನರ ಎಲ್ಲ ಏಳು ವಾರದ ಹಿಂದೆ ಹೆಂಗಿತ್ತೋ ಹೆಚ್ಚುಕಮ್ಮಿ ಹಂಗೇ ಇದೆ, ಮೆದುಳಿಂದ ಆರ್ಡರ್ ಹೋಗೋ ದಾರಿಯಲ್ಲಿ ಒಂದು ಸೇತುವೆ ಕುಸಿದಿದೆ ಅಷ್ಟೆ. ಆ ಸೇತುವೆ ಮತ್ತೆ ಏಳಲ್ಲ. ಆದ್ರೆ ಸುತ್ತಮುತ್ತ ಉಳ್ಕೊಂಡಿರೋ ಭಾಗಗಳು ಕಾಲುದಾರಿ ಮಾಡ್ಕೊಳ್ತವೆ, ತೋಟದಲ್ಲಿ ಜನ ಓಡಾಡಿ ಓಡಾಡಿ ದಾರಿ ಬೀಳುತ್ತಲ್ಲ ಹಂಗೆ. ಓಡಾಟ ಇಲ್ದಿದ್ರೆ ಕಳೆ ಬೆಳೆದು ಮುಚ್ಚೋಗುತ್ತೆ. ಅಂದ್ರೆ ಹೆಜ್ಜೆ ಬೇಕು, ಹತ್ತು ಇಪ್ಪತ್ತಲ್ಲ, ಸಾವಿರಗಟ್ಲೆ ಬೇಕು. ಇಲ್ಲೇ ನಮ್ಮ ಕಷ್ಟ ಇರೋದು. 2009ರಲ್ಲಿ ಅಮೆರಿಕ ಮತ್ತೆ ಕೆನಡಾದ ಏಳು ಕಡೆ ಕೂತು ಫಿಸಿಯೋ ಸೆಷನ್‌ಗಳಲ್ಲಿ ಪೇಶಂಟ್‌ಗಳು ನಿಜವಾಗ್ಲೂ ಎಷ್ಟು ಹೆಜ್ಜೆ ಇಡ್ತಾರೆ ಅಂತ ಎಣಿಸಿದ್ರು, ನಡಿಗೆ ಅಭ್ಯಾಸ ಮಾಡ್ಸೋ ಒಂದು ಸೆಷನ್‌ಗೆ ಸರಾಸರಿ ಬಂದಿದ್ದು 357. ಅದೂ ನಡೆಯೋಕೆ ಸ್ವಲ್ಪನಾದ್ರೂ ಬರೋರನ್ನ ಸೇರಿಸಿ. ನಿಮ್ಮಪ್ಪನಂಥವರನ್ನ ನಾನೂ ನನ್ನ ಅಸಿಸ್ಟೆಂಟೂ ಸೇರಿ ಎತ್ತಿ ನಿಲ್ಸಿ, ಒಬ್ರು ಮಂಡಿ ಹಿಡಿದು ಒಬ್ರು ಸೊಂಟ ಹಿಡಿದು ಇಪ್ಪತ್ತು ಹೆಜ್ಜೆ ಹಾಕ್ಸೋ ಹೊತ್ತಿಗೆ ಅವರಿಗಿಂತ ಮೊದ್ಲು ನಮ್ಮ ನಡು ಬಿದ್ದೋಗಿರುತ್ತೆ. ಮಿಷಿನ್‌ಗೆ ನಡುನೋವಿಲ್ಲ, ಅರ್ಧ ಗಂಟೆಯಲ್ಲಿ ಸಾವಿರ ಹೆಜ್ಜೆ ಸಲೀಸಾಗಿ ಹಾಕ್ಸುತ್ತೆ. ರೋಬೋಟ್‌ನ ದೊಡ್ಡಸ್ತಿಕೆ ಇಷ್ಟೇ ನೋಡಿ, ಅದು ವಾಸಿ ಮಾಡಲ್ಲ, ಎಣಿಕೆ ಜಾಸ್ತಿ ಮಾಡುತ್ತೆ.

(ಈ ಐಡಿಯಾ ಹುಟ್ಟಿದ್ದು ಬೆಕ್ಕುಗಳಿಂದ ಅಂದ್ರೆ ನಂಬ್ತೀರಾ? ಬೆನ್ನುಹುರಿ ಕತ್ತರಿಸಿದ ಬೆಕ್ಕನ್ನ ಟ್ರೆಡ್‌ಮಿಲ್ ಮೇಲೆ ಹಿಡಿದು ಅಭ್ಯಾಸ ಮಾಡ್ಸಿದ್ರೆ ಹಿಂಗಾಲು ತನ್ನಷ್ಟಕ್ಕೆ ಹೆಜ್ಜೆ ಹಾಕೋಕೆ ಶುರು ಮಾಡ್ತು, ಮೆದುಳಿನ ಆರ್ಡರ್ ಇಲ್ದೇನೇ. ಅಲ್ಲಿಂದ ಮನುಷ್ಯರನ್ನೂ ತೂಗು ಹಾಕಿ ಟ್ರೆಡ್‌ಮಿಲ್ ಮೇಲೆ ನಡೆಸೋದು ಬಂತು, ಕಾಲು ಎತ್ತಿ ಎತ್ತಿ ಇಟ್ಟು ಫಿಸಿಯೋಗಳು ಸುಸ್ತಾದ್ಮೇಲೆ ಆ ಕೆಲಸಕ್ಕೆ ಮೋಟಾರ್ ಬಂತು. ಮನುಷ್ಯ ಬೆಕ್ಕಿನಷ್ಟು ಸುಲಭ ಅಲ್ಲ, ನಮಗೆ ಮೆದುಳು ಬೇಕೇ ಬೇಕು.)

ಈಗ ಮಿಷಿನ್ ಪಕ್ಕದ ಮನುಷ್ಯನ ವಿಷ್ಯ. ನನ್ನ ಹತ್ರ ಒಬ್ರು ರಿಟೈರ್ಡ್ ಬಸ್ ಕಂಡಕ್ಟರ್ ಬರ್ತಿದ್ರು, ಇವರದ್ದೂ ಬಲಗಡೆನೇ ಬಿದ್ದಿದ್ದು. ಮೊದಲ ದಿನ ಕಟ್ಟೋಕೇ ನಲವತ್ತು ನಿಮಿಷ ಆಯ್ತು. ಸೊಂಟದ ಅಗಲ ಅಳಿಬೇಕು, ತೊಡೆ ಉದ್ದ ಅಳಿಬೇಕು, ಮಿಷಿನ್‌ನ ಮಂಡಿ ಮನುಷ್ಯನ ಮಂಡಿ ನೇರಕ್ಕೆ ಬರ್ಬೇಕು, ಒಂದೆರಡು ಬೆರಳು ಆಚೀಚೆ ಆದ್ರೂ ಪ್ರತಿ ಹೆಜ್ಜೆಗೂ ಪಟ್ಟಿ ಚರ್ಮನ ಎಳೆಯುತ್ತೆ, ಅವರಿಗೆ ಗೊತ್ತೂ ಆಗಲ್ಲ ಯಾಕಂದ್ರೆ ಆ ಕಾಲಲ್ಲಿ ಸ್ಪರ್ಶನೇ ಕಮ್ಮಿ. ಕಾಲುಚೀಲ ಒಂದು ಕಡೆ ಸುಕ್ಕಾಗಿತ್ತು ಅನ್ನೋ ಕಾರಣಕ್ಕೇ ಬಿಚ್ಚಿದಾಗ ಕೆಂಪು ಗೆರೆ ಬಿದ್ದಿತ್ತು. ಮೊದಲ ನಾಲ್ಕು ದಿನ ಮಿಷಿನ್ ಪೂರ್ತಿ ಜೋರಲ್ಲೇ ಇಟ್ಟಿದ್ದೆ, ಎದುರಿಗಿನ ಕನ್ನಡಿಯಲ್ಲಿ ತಾವೇ ನಡೀತಿರೋದು ನೋಡಿ ಖುಷಿಯಲ್ಲಿ ಅತ್ಬಿಟ್ರು, ಹೆಂಡ್ತಿ ವಿಡಿಯೋ ಮಾಡಿ ಊರಿಗೆಲ್ಲ ಕಳಿಸಿದ್ರು. ಆಗ ನಾನೇನೂ ಹೇಳ್ಲಿಲ್ಲ. ಐದನೇ ದಿನ ಮಿಷಿನ್‌ನ ಸಹಾಯ ನೂರರಿಂದ ಅರವತ್ತಕ್ಕೆ ಇಳಿಸ್ದೆ. ಎರಡೇ ನಿಮಿಷಕ್ಕೆ ಹಣೆ ಮೇಲೆ ಬೆವರು, ಬಲಗಾಲು ತಡವರಿಸ್ತು, "ಏನ್ರೀ ಮಿಷಿನ್ ಕೆಟ್ಟೋಯ್ತಾ" ಅಂದ್ರು. ಕೆಟ್ಟಿಲ್ಲ ಸಾರ್, ಇಷ್ಟು ದಿನ ಮಿಷಿನ್ ನಡೀತಿತ್ತು, ಈಗ ನೀವು ನಡೀತಿದೀರಾ ಅಂದೆ. ಅವತ್ತಿಂದ ಪ್ರತಿ ಸಲ ಬಲಗಾಲು ಎತ್ತೋವಾಗ ಅವರೇ "ರೈಟ್ ರೈಟ್" ಅಂತ ಕೂಗ್ಕೊಳ್ಳೋಕೆ ಶುರು ಮಾಡಿದ್ರು, ಸುಸ್ತಾದ್ರೆ "ಹೋಲ್ಡಾನ್". ಅಕ್ಕಪಕ್ಕದ ಪೇಶಂಟ್‌ಗಳೂ ಅದನ್ನೇ ಕಲಿತ್ರು.

ನೀವು ನೋಡ್ಬೇಕಾಗಿರೋದು ಈ ಇಳಿಸೋ ಕೆಲಸನ. ಮಿಷಿನ್ ಎಲ್ಲಾನೂ ಮಾಡಿದ್ರೆ ಮೆದುಳು ಸೋಮಾರಿ ಆಗುತ್ತೆ, ಇದನ್ನ ಉಪಮೆಗೆ ಹೇಳ್ತಿಲ್ಲ, ನಿಜವಾಗ್ಲೂ ಸ್ನಾಯು ಕೆಲಸ ಕಮ್ಮಿ ಮಾಡುತ್ತೆ. ಹಿಂದೆ ನಾನು ಕೆಲಸ ಮಾಡ್ತಿದ್ದ ಒಂದು ಕಡೆ (ಹೆಸರು ಬೇಡ ಬಿಡಿ) ಪೇಶಂಟ್‌ನ ಕಟ್ಟಿ ಸ್ವಿಚ್ ಹಾಕಿ ಎದುರಿಗೆ ಟೀವಿ ಹಚ್ಚಿ ಹೋಗ್ಬಿಡೋರು, ಪೇಶಂಟ್ ಕ್ರಿಕೆಟ್ ನೋಡ್ತಾ ಎರಡು ಸಾವಿರ ಹೆಜ್ಜೆ ಹಾಕಿ ಇಳಿಯೋರು. ಕಾಲು ಕಟ್ಟಿದ್ದು ಮಿಷಿನ್‌ಗೆ, ಮನಸ್ಸು ಕಟ್ಟಿದ್ದು ಮ್ಯಾಚ್‌ಗೆ. ಅಂಥ ಎರಡು ಸಾವಿರಕ್ಕಿಂತ ಬೆವರು ಸುರಿಸಿ ಹಾಕಿದ ಇನ್ನೂರು ಮೇಲು.

ಇನ್ನು ಫಲಿತಾಂಶ. ಜಗತ್ತಿನಾದ್ಯಂತ ಸ್ಟ್ರೋಕ್ ಪೇಶಂಟ್‌ಗಳ ಮೇಲೆ ನಡೆದ 62 ಪ್ರಯೋಗಗಳನ್ನ, ಒಟ್ಟು 2,440 ಜನರದ್ದು, ಒಟ್ಟುಗೂಡಿಸಿ ಕಾಕ್ರೇನ್‌ನವರು (ವೈದ್ಯಕೀಯ ಪ್ರಯೋಗಗಳನ್ನ ಒಟ್ಟು ಹಾಕಿ ತೂಗಿ ನೋಡೋ ಅಂತರರಾಷ್ಟ್ರೀಯ ಸಂಸ್ಥೆ) 2020ರಲ್ಲಿ ಒಂದು ವಿಮರ್ಶೆ ಮಾಡಿದ್ರು. ಬರೀ ಫಿಸಿಯೋ ಮಾಡಿಸ್ಕೊಂಡವ್ರಿಗಿಂತ ಫಿಸಿಯೋ ಜೊತೆಗೆ ಮಿಷಿನ್ ಅಭ್ಯಾಸನೂ ಮಾಡಿದವ್ರಲ್ಲಿ ಸ್ವತಂತ್ರವಾಗಿ ನಡೆಯೋರು ಜಾಸ್ತಿ. ಎಷ್ಟು ಜಾಸ್ತಿ? ಎಂಟು ಜನಕ್ಕೆ ಮಾಡಿಸಿದ್ರೆ ಒಬ್ರು ಹೆಚ್ಚಿಗೆ. ಮಿಕ್ಕ ಏಳು ಜನಕ್ಕೆ ಮಿಷಿನ್ ಇದ್ರೂ ಇಲ್ದಿದ್ರೂ ಆಗೋದೇ ಆಗುತ್ತಿತ್ತು. ನಡಿಗೆಯ ಸ್ಪೀಡ್‌ನಲ್ಲಿ ಬಂದ ವ್ಯತ್ಯಾಸವಂತೂ ಹೇಳ್ಕೊಳ್ಳೋ ಅಷ್ಟಿಲ್ಲ. ಆದ್ರೆ ಅದೇ ವಿಮರ್ಶೆಯಲ್ಲಿ ನಿಮಗೆ ಬೇಕಾದ ಮಾತೊಂದಿದೆ, ಲಾಭ ಹೆಚ್ಚು ಕಂಡಿದ್ದು ಸ್ಟ್ರೋಕ್ ಆದ ಮೊದಲ ಮೂರು ತಿಂಗಳ ಒಳಗಿನವರಿಗೆ ಮತ್ತೆ ಇನ್ನೂ ನಡೆಯೋಕೇ ಬರದೆ ಇರೋರಿಗೆ. ನಿಮ್ಮಪ್ಪ ಎರಡರಲ್ಲೂ ಇದ್ದಾರೆ, ಅದಕ್ಕೇ ನಾನು ಮೇಲೆ ಈಗ್ಲೇ ಮಾಡ್ಸಿ ಅಂದಿದ್ದು.

ಉಲ್ಟಾ ಕಥೆನೂ ಕೇಳಿ. ಸ್ಟ್ರೋಕ್ ಆಗಿ ಆರು ತಿಂಗಳು ದಾಟಿದ, ನಿಧಾನಕ್ಕೆ ನಡೆಯೋಕೆ ಬರ್ತಿದ್ದ 48 ಜನರನ್ನ ಎರಡು ಗುಂಪು ಮಾಡಿ ಒಂದಕ್ಕೆ ರೋಬೋಟು ಒಂದಕ್ಕೆ ಫಿಸಿಯೋ ಕೈ ಸಹಾಯ ಕೊಟ್ಟು ಟ್ರೆಡ್‌ಮಿಲ್ ಅಭ್ಯಾಸ ಮಾಡ್ಸಿದ್ರು, 2008ರ ಅಮೆರಿಕದ ಅಧ್ಯಯನ. ಗೆದ್ದಿದ್ದು ಫಿಸಿಯೋ. ಯಾಕಂದ್ರೆ ಫಿಸಿಯೋ ಕೈ ಬೇಕಾದಾಗ ಹಿಡಿಯುತ್ತೆ ಬೇಡದಾಗ ಬಿಡುತ್ತೆ, ಪೇಶಂಟ್ ಎಡವುತ್ತಾನೆ, ತಾನೇ ಸರಿ ಮಾಡ್ಕೊಳ್ತಾನೆ, ಆ ಎಡವೋದ್ರಲ್ಲೇ ಕಲಿಕೆ ಇರೋದು. ಆಗಿನ ಮಿಷಿನ್‌ಗಳು ಎಡವೋಕೇ ಬಿಡ್ತಿರ್ಲಿಲ್ಲ. 2011ರಲ್ಲಿ 408 ಜನರ ಮೇಲೆ ಇನ್ನೊಂದು ದೊಡ್ಡದು ಬಂತು, ಅದ್ರಲ್ಲಿ ರೋಬೋಟ್ ಇರ್ಲಿಲ್ಲ, ಹಾರ್ನೆಸ್ ಕಟ್ಟಿ ಟ್ರೆಡ್‌ಮಿಲ್ ಮೇಲೆ ನಡೆಸೋದು ಒಂದು ಕಡೆ, ಫಿಸಿಯೋ ಮನೆಗೇ ಹೋಗಿ ಬಲ ಬರೋ ವ್ಯಾಯಾಮ ಬ್ಯಾಲೆನ್ಸ್ ವ್ಯಾಯಾಮ ಮಾಡ್ಸೋದು ಇನ್ನೊಂದು ಕಡೆ, ವರ್ಷ ಆದ್ಮೇಲೆ ನೋಡಿದ್ರೆ ಎರಡೂ ಸಮ. ಮನೆಯಲ್ಲಿ ಮಾಡಿದ್ದು ಎರಡನೇ ದರ್ಜೆ ಅಲ್ಲ ಅಂತ ಪೇಶಂಟ್ ಮನೆಯವರಿಗೆ ಹೇಳೋವಾಗ ನಾನು ಯಾವಾಗ್ಲೂ ಇದನ್ನೇ ಹೇಳೋದು.

ಹಂಗಾಗಿ ಲೆಕ್ಕ ಹಿಂಗೆ ಇಟ್ಕೊಳ್ಳಿ. ನಡಿಗೆ ಎಷ್ಟು ಸ್ವತಂತ್ರ ಅಂತ ನೋಡೋಕೆ ನಾವು ಸೊನ್ನೆಯಿಂದ ಐದರ ತನಕ ಒಂದು ಸ್ಕೇಲ್ ಇಟ್ಕೊಂಡಿದೀವಿ, ಎಫ್‌ಎಸಿ ಅಂತೀವಿ, ಸೊನ್ನೆ ಅಂದ್ರೆ ಇಬ್ರು ಹಿಡಿದ್ರೇನೇ ಅಥವಾ ಹಿಡಿದ್ರೂ ಆಗದಿರೋದು, ಐದು ಅಂದ್ರೆ ಮೆಟ್ಟಿಲು ಹಳ್ಳ ದಿಣ್ಣೆ ಎಲ್ಲ ಒಬ್ರೇ. ಅಪ್ಪ ಈಗ ಸೊನ್ನೆ. ಸೊನ್ನೆಯಿಂದ ಎರಡಕ್ಕೆ ಬರೋ ತನಕ, ಅಂದ್ರೆ ಒಬ್ರು ಹಗುರವಾಗಿ ಹಿಡ್ಕೊಂಡ್ರೆ ನಡೀತಾರೆ ಅನ್ನೋ ತನಕ, ಮಿಷಿನ್‌ಗೆ ದುಡ್ಡು ಕೊಡೋದ್ರಲ್ಲಿ ಅರ್ಥ ಇದೆ. ಆಮೇಲೆ ನೆಲ. ಹತ್ತು ಸೆಷನ್‌ಗೆ ಮಾತ್ರ ಕಟ್ತೀವಿ ಅನ್ನಿ, ವಾರಕ್ಕೆ ನಾಲ್ಕೈದು ಹತ್ತಿರ ಹತ್ತಿರ ಮಾಡ್ಸಿ, ವಾರಕ್ಕೊಂದು ಮಾಡ್ಸಿದ್ರೆ ದುಡ್ಡು ದಂಡ. ಶುರು ಮಾಡೋ ದಿನ ಎಫ್‌ಎಸಿ ಎಷ್ಟು, ಕುರ್ಚಿಯಿಂದ ಏಳೋಕೆ ಎಷ್ಟು ಜನ ಬೇಕು, ಬರ್ಸ್ಕೊಳ್ಳಿ. ಹತ್ತಾದ್ಮೇಲೆ ಮತ್ತೆ ಬರ್ಸಿ. ಹೆಜ್ಜೆ ಲೆಕ್ಕದ ಪ್ರಿಂಟೌಟ್ ಕೊಟ್ಟು "ನೋಡಿ ಎಷ್ಟು ನಡೆದಿದ್ದಾರೆ" ಅಂದ್ರೆ ಮರುಳಾಗ್ಬೇಡಿ, ಅದು ಮಿಷಿನ್‌ನ ನಡಿಗೆ, ಬಿಚ್ಚಿ ನೆಲದ ಮೇಲೆ ನಿಲ್ಸಿದಾಗ ಏನಾಯ್ತು ಅನ್ನೋದಷ್ಟೇ ನಿಮ್ಮದು. ಮಿಷಿನ್ ಸಹಾಯ ಎಷ್ಟರಿಂದ ಎಷ್ಟಕ್ಕೆ ಇಳಿಸಿದ್ರಿ, ಮಿಷಿನ್ ಆದ ದಿನವೇ ನೆಲದ ಮೇಲೆ ಫಿಸಿಯೋ ಮಾಡ್ತೀರಾ ಇಲ್ವಾ ಅಂತ ಕೇಳಿ. ಇಲ್ಲ ಅಂದ್ರೆ ಎದ್ದು ಬನ್ನಿ. ಅಡ್ವಾನ್ಸ್ ಪೂರ್ತಿ ಕಟ್ಲೇಬೇಕು ಅಂದ್ರೂ ಎದ್ದು ಬನ್ನಿ.

ಕಟ್ಟೋ ಮೊದ್ಲು ಡಾಕ್ಟರ್ ಹತ್ರ ಕ್ಲಿಯರ್ ಮಾಡ್ಕೋಬೇಕಾದ ವಿಷ್ಯ ಇವೆ. ಏಳು ವಾರ ಮಲಗಿದವ್ರು, ಮೀನಖಂಡ ಊದಿದ್ರೆ ನೋವಿದ್ರೆ ಅಲ್ಲಿ ರಕ್ತ ಹೆಪ್ಪುಗಟ್ಟಿದ್ಯಾ ಅಂತ ನೋಡ್ಲೇಬೇಕು. ಬೆಡ್ ಸೋರ್ ಇದ್ರೆ ಅದು ಮೊದ್ಲು ಮಾಗ್ಬೇಕು, ಮಂಡಿ ಸೊಂಟ ಪೂರ್ತಿ ನೆಟ್ಟಗಾಗದೆ ಗಂಟು ಹಾಕ್ಕೊಂಡಿದ್ರೆ ಮಿಷಿನ್ ಒತ್ತಾಯ ಮಾಡಿ ಎಳೆಯುತ್ತೆ, ಮೂಳೆ ಟೊಳ್ಳಾಗಿದ್ರೆ ಮುರಿಯೋ ಅಪಾಯನೂ ಇದೆ. ಎದ್ದು ನಿಂತ ತಕ್ಷಣ ಬಿಪಿ ಬಿದ್ದು ಕಣ್ಣು ಕತ್ತಲೆ ಬರೋದು ಮೊದಮೊದಲು ತುಂಬಾ ಸಾಮಾನ್ಯ, ಅದಕ್ಕೆ ನಿಂತ್ಮೇಲೂ ಬಿಪಿ ನೋಡ್ತಾರಾ ಕೇಳಿ. ಜನ ಮರೆಯೋದು ಬಲಗೈನ. ಬಿದ್ದಿರೋ ಕೈಯ ಭುಜದ ಕೀಲು ಸಡಿಲ ಆಗಿರುತ್ತೆ, ಹಾರ್ನೆಸ್ ಕಂಕುಳಲ್ಲಿ ಸಿಕ್ಕಿ ಎಳೆದ್ರೆ ಒಂದೇ ದಿನಕ್ಕೆ ಭುಜ ನೋವು ಶುರುವಾಗಿ ತಿಂಗಳುಗಟ್ಲೆ ಕಾಡುತ್ತೆ, ಕಾಲು ಸರಿ ಮಾಡೋಕೆ ಹೋಗಿ ಕೈ ಕಳ್ಕೊಂಡ್ರು ಅನ್ನೋ ಹಾಗಾಗುತ್ತೆ. ಕೈಗೆ ಆಸರೆ ಕೊಟ್ಟೇ ಕಟ್ಬೇಕು.

ವಿಡಿಯೋ ವಿಷ್ಯಕ್ಕೆ ಬರೋಣ. ಸೊಂಟದ ಕೆಳಗೆ ಸ್ವಾಧೀನ ಇಲ್ದೋರು ನಡೀತಿರೋದು ಸುಳ್ಳಲ್ಲ, ಆದ್ರೆ ಅದು ಬೇರೆ ಕಾಯಿಲೆ ಬೇರೆ ಉದ್ದೇಶ. ಅಲ್ಲಿ ಬೆನ್ನುಹುರಿಗೇ ಪೆಟ್ಟು ಬಿದ್ದು ಆರ್ಡರ್ ಹೋಗೋ ದಾರಿ ಪೂರ್ತಿ ಕಡಿದೋಗಿರುತ್ತೆ, ಮಿಷಿನ್ ಬಿಚ್ಚಿದ್ರೆ ಮತ್ತೆ ವೀಲ್‌ಚೇರೇ, ಅಂದ್ರೆ ಅವರಿಗೆ ಅದು ಕನ್ನಡಕ ಇದ್ದ ಹಾಗೆ, ನಿಮ್ಮಪ್ಪಂಗೆ ಟ್ಯೂಷನ್ ಇದ್ದ ಹಾಗೆ. ಕುದುರೆಯಿಂದ ಬಿದ್ದು ಸ್ವಾಧೀನ ಕಳ್ಕೊಂಡಿದ್ದ ಕ್ಲೇರ್ ಲೋಮಸ್ ಅನ್ನೋ ಇಂಗ್ಲೆಂಡಿನ ಹೆಣ್ಣುಮಗಳು 2012ರಲ್ಲಿ ರೀವಾಕ್ ಹಾಕ್ಕೊಂಡು ಲಂಡನ್ ಮ್ಯಾರಥಾನ್ ಮುಗಿಸಿದ್ರು, 42 ಕಿಲೋಮೀಟರಿಗೆ ಎರಡು ವಾರಕ್ಕೂ ಮೇಲೆ ಹಿಡೀತು. ಆ ರೀವಾಕ್ ಕಂಡುಹಿಡಿದ ಅಮಿತ್ ಗೋಫರ್ ಅವರಿಗೇ ಅದನ್ನ ಹಾಕ್ಕೊಳ್ಳೋಕೆ ಆಗ್ತಿರ್ಲಿಲ್ಲ ಗೊತ್ತಾ, 1997ರ ಅಪಘಾತದಲ್ಲಿ ಅವರ ಕೈಗಳ ಬಲವೂ ಹೋಗಿತ್ತು, ಆ ಮಿಷಿನ್‌ಗೆ ಎರಡೂ ಕೈಯಲ್ಲಿ ಊರುಗೋಲು ಹಿಡೀಲೇಬೇಕು. ನಿಮ್ಮಪ್ಪಂಗೂ ಬಲಗೈಯಲ್ಲಿ ಬಲ ಇಲ್ಲ, ಹಂಗಾಗಿ ಆ ವಿಡಿಯೋ ತೋರಿಸಿ ನಿಮ್ಮಮ್ಮನಿಗೆ ಆಸೆ ಹುಟ್ಟಿಸಿದ್ದು ನನಗೆ ಸರಿ ಕಾಣ್ಲಿಲ್ಲ. ಪಾರ್ಕಿನ್ಸನ್ ಇರೋರಿಗೆ ಬಟ್ಟೆ ಥರದ ಮೆತ್ತನೆ ಎಕ್ಸೋಸ್ಕೆಲಿಟನ್ ಹಾಕಿ ಕಾಲು ಅಂಟ್ಕೊಂಡಂಗಾಗೋದನ್ನ ತಡೆದ ಸುದ್ದಿನೂ 2024ರಲ್ಲಿ ಹಾರ್ವರ್ಡ್ ಕಡೆಯಿಂದ ಬಂತು, ಒಬ್ಬೇ ಒಬ್ಬ 73 ವರ್ಷದ ವ್ಯಕ್ತಿಯ ಮೇಲೆ ಮಾಡಿದ್ದು ಅದು, ಯಾರಾದ್ರೂ ಅದನ್ನೂ ತೋರಿಸಿ ಮಾರೋಕೆ ಬಂದ್ರೆ ಗೊತ್ತಿರ್ಲಿ ಅಂತ ಹೇಳ್ದೆ.

ಮನೆಗೆ ತರೋದು ಬೇಡವೇ ಬೇಡ. ಅಮೆರಿಕದ ಸರ್ಕಾರಿ ವಿಮೆ ಮೆಡಿಕೇರ್ 2024ರಲ್ಲಿ ಇಂಥದ್ದಕ್ಕೆ ನಿಗದಿ ಮಾಡಿದ ದರನೇ ಸುಮಾರು 91 ಸಾವಿರ ಡಾಲರ್, ರೂಪಾಯಿಗೆ ತಿರುಗಿಸಿ ನೋಡಿ ತಲೆ ತಿರುಗುತ್ತೆ. ಕೊಂಡ್ರೆ ಸಾಲ್ದು, ರಿಪೇರಿ? ಅಲ್ಲೇ ಒಬ್ಬ ಬಳಕೆದಾರರು ಹತ್ತು ವರ್ಷ ತಮ್ಮ ರೀವಾಕ್ ಹಾಕ್ಕೊಂಡು 3,71,091 ಹೆಜ್ಜೆ ನಡೆದ್ಮೇಲೆ ಕೈಗೆ ಕಟ್ಟೋ ವಾಚ್‌ನಂಥ ರಿಮೋಟ್‌ನ ಒಂದು ಸಣ್ಣ ವೈರ್ ಕಿತ್ತೋಯ್ತು, ಐದು ವರ್ಷಕ್ಕಿಂತ ಹಳೇದು ನಾವು ಮುಟ್ಟಲ್ಲ ಅಂದ್ಬಿಟ್ರು ಕಂಪನಿಯವರು, ಸುದ್ದಿಯಾಗಿ ಗಲಾಟೆ ಆದ್ಮೇಲೇ ಸರಿ ಮಾಡಿ ಕೊಟ್ಟಿದ್ದು. ನಮ್ಮೂರಲ್ಲಿ ಪಂಪ್‌ಸೆಟ್ ಮೋಟಾರ್ ಕೆಟ್ರೆ ವೈಂಡಿಂಗ್ ಮಾಡೋನು ಸಿಗ್ತಾನೆ, ಇದಕ್ಕೆ ಎಲ್ಲಿಗೆ ಹೋಗ್ತೀರಿ?

ಪ್ಯಾಕೇಜ್‌ನಲ್ಲಿ ಉಳಿಯೋ ದುಡ್ಡಲ್ಲಿ ತರೀಕೆರೆಯಲ್ಲೋ ಶಿವಮೊಗ್ಗದಲ್ಲೋ ಒಳ್ಳೆ ನ್ಯೂರೋ ಫಿಸಿಯೋ ಒಬ್ರನ್ನ ಮನೆಗೆ ಬರೋ ಹಾಗೆ ಗೊತ್ತು ಮಾಡಿ. ಬೆಂಗ್ಳೂರಿಗೆ ಬಂದಾಗ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನಕ್ಕೇ ಒಂದು ಪ್ರತ್ಯೇಕ ವಿಭಾಗ ಇದೆ, ಅಲ್ಲಿ ಒಂದ್ಸಲ ತೋರಿಸಿ, ಪ್ಯಾಕೇಜ್ ಮಾರದೆ ಇರೋರ ಬಾಯಿಂದ ಒಂದು ಅಭಿಪ್ರಾಯ ಬರ್ಲಿ. ಅಲ್ಲಿ ತನಕ ಮನೆಯಲ್ಲಿ ಒಂದು ಕೆಲಸ ಇವತ್ತಿಂದ್ಲೇ ಶುರು ಮಾಡ್ಬಹುದು, ಕೂತಲ್ಲಿಂದ ಏಳೋದು. ಮಂಚದ ಕಾಲಿನ ಕೆಳಗೆ ಅಲ್ಲಾಡದ ಹಾಗೆ ಹಲಗೆ ಕೊಟ್ಟು ಎತ್ತರ ಮಾಡಿ, ಎತ್ತರ ಇದ್ದಷ್ಟೂ ಏಳೋದು ಸುಲಭ, ಬರ್ತಾ ಬರ್ತಾ ಹಲಗೆ ತೆಗೀಬಹುದು. ಎರಡೂ ಪಾದ ಮಂಡಿಗಿಂತ ಸ್ವಲ್ಪ ಹಿಂದಕ್ಕೆ ಎಳೆದು ಹಿಮ್ಮಡಿ ನೆಲಕ್ಕೆ ಊರಿಸಿ, ಒಬ್ರು ಬಲಗಡೆ ನಿಂತು ಮಂಡಿ ಮುಂದಕ್ಕೆ ಕುಸೀದ ಹಾಗೆ ತಮ್ಮ ಮಂಡಿಯಿಂದ ತಡೀಲಿ, ಇನ್ನೊಬ್ರು ಸೊಂಟದ ಬೆಲ್ಟ್ ಹಿಡೀಲಿ, ಬಲಗೈನ ಮಾತ್ರ ಯಾರೂ ಹಿಡಿದು ಎಳೀಬೇಡಿ. ಮೂಗು ಕಾಲ್ಬೆರಳ ಮೇಲೆ ಬರೋಷ್ಟು ಮುಂದೆ ಬಗ್ಗಿ ಆಮೇಲೆ ಏಳ್ಬೇಕು, ನಾವೆಲ್ಲ ಹಂಗೇ ಏಳೋದು, ಗಮನಿಸಿರಲ್ಲ ಅಷ್ಟೆ. ಒಂದ್ಸಲಕ್ಕೆ ಐದಾರು, ದಿನಕ್ಕೆ ನಾಲ್ಕು ಸಲ, ಮೊದ್ಲು ನಿಮ್ಮೂರ ಫಿಸಿಯೋ ಎದುರಿಗೆ ಒಂದೆರಡು ದಿನ ಮಾಡಿ ತೋರಿಸಿ. ಇದು ಬಂದ್ರೆ ಮಿಷಿನ್ ಹತ್ತೋ ಹೊತ್ತಿಗೆ ಅಪ್ಪನ ತೊಡೆ ತಯಾರಿರುತ್ತೆ, ಹತ್ತು ಸೆಷನ್ ಹದಿನೈದರ ಕೆಲಸ ಮಾಡುತ್ತೆ ಅಂತ ನನ್ನ ಅನುಭವ.

ಸೆಷನ್‌ಗೆ ಹೋಗೋವಾಗ ಪಂಚೆ ಬೇಡ, ಮಂಡಿ ಮೇಲೆ ಗಟ್ಟಿ ಹೊಲಿಗೆ ಇಲ್ದಿರೋ ಸಡಿಲ ಟ್ರ್ಯಾಕ್ ಪ್ಯಾಂಟ್ ಹಾಕ್ಸಿ, ಮಂಡಿ ತನಕ ಬರೋ ದಪ್ಪ ಹತ್ತಿ ಕಾಲುಚೀಲ, ಹಿಮ್ಮಡಿ ಹಿಡಿಯೋ ಚಪ್ಪಟೆ ಶೂ, ಬಲಗಾಲಿನದು ಊತ ಇದ್ರೆ ಒಂದು ಸೈಜ್ ದೊಡ್ಡದು. ಊಟ ಆಗಿ ಒಂದೂವರೆ ಗಂಟೆ ಆಗಿರ್ಲಿ, ಕಟ್ಟೋ ಮೊದ್ಲು ಬಾತ್‌ರೂಮಿಗೆ ಕರ್ಕೊಂಡು ಹೋಗಿ ಬನ್ನಿ, ಹಾರ್ನೆಸ್ ಹೊಟ್ಟೆ ಮೇಲೇ ಬಿಗಿಯೋದು, ಕಟ್ಟಿದ್ಮೇಲೆ ನೆನಪಾದ್ರೆ ಬಿಚ್ಚೋಕೇ ಕಾಲು ಗಂಟೆ ಬೇಕು. ಬಿಚ್ಚಿದ್ಮೇಲೆ ಪ್ರತಿ ಸಲ ಕಾಲುಚೀಲ ತೆಗೆಸಿ ಚರ್ಮ ನೋಡಿ, ಕೆಂಪಾಗಿದ್ದು ಅರ್ಧ ಗಂಟೆಯಲ್ಲಿ ಹೋಗದಿದ್ರೆ ಮಾರನೇ ದಿನ ಕಟ್ಟೋ ಮೊದ್ಲು ಅವರಿಗೆ ತೋರಿಸಿ.